ಸಮುದ್ರ ಕಾಣದ ಒಲೆ

ಸಿಗ್ರುನ್‌ಳ ಅಡುಗೆಮನೆಗೆ ಕದ ತಟ್ಟಿ ಬರುವವರೇ ಇರಲಿಲ್ಲ. ನಾರ್ವೆಯ ಆ ದ್ವೀಪದಲ್ಲಿ ದೋಣಿಯಿಂದ ಇಳಿದವರು ಬೂಟು ಹಾಕಿಕೊಂಡೇ ಹಿಂಬಾಗಿಲಿಂದ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನಡುಮನೆಯಿದ್ದದ್ದು ಹಬ್ಬಕ್ಕೆ, ಭಾನುವಾರಕ್ಕೆ; ಸಮುದ್ರ ಕಾಣುವ ಕಿಟಕಿಯಿದ್ದದ್ದೂ ಅಲ್ಲೇ.

"ನಡುವಿನ ಗೋಡೆ ಒಡೆಸಿದ್ರೆ ಅಡುಗೆ ಮಾಡ್ತಾನೇ ಸಮುದ್ರ ನೋಡ್ಬಹುದು ಕಣೇ" ಎಂದ ಗಂಡ ಹಾಲ್ವರ್.

ಅವಳಿಗೂ ಅದು ಬಹುಕಾಲದ ಆಸೆ. ಒಲೆಯೆದುರಿನ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಬರಿಯ ಬಂಡೆ. ಆದರೂ, "ಮೊದಲು ನಡುವಿನ ಬಾಗಿಲು ಮಾತ್ರ ಕಳಚಿ ನೋಡೋಣ" ಎಂದಳು.

ಮರುದಿನ ಪಕ್ಕದ ಮನೆಯ ಓಡ್ಮುಂಡ್ ಬಂದ. ಹೆಂಡತಿ ತೀರಿಕೊಂಡ ಮೇಲೆ ಅವನು ದಿನವೂ ನಾಲ್ಕು ಮಾತಾಡುತ್ತಿದ್ದದ್ದು ಆ ಬೆಂಚಿನ ಮೇಲೆ ಮಾತ್ರ. ಬಾಗಿಲು ಕಳಚಿದ್ದರಿಂದ ಈಗ ಅಲ್ಲಿಂದ ನಡುಮನೆಯ ಸೋಫಾ, ರತ್ನಗಂಬಳಿ ಎಲ್ಲ ಕಂಡವು. ಅವನು ಟೋಪಿ ತೆಗೆದು ನಿಂತೇ ಇದ್ದ.

"ಕೂತ್ಕೊಳ್ಳೋ ಮಾರಾಯ. ಪಾದ್ರಿ ಮುಂದೆ ನಿಂತ ಹಾಗೆ ನಿಂತಿದ್ದೀಯಲ್ಲ!"

"ಬೇಡ ಸಿಗ್ರುನ್, ಮೈಯೆಲ್ಲ ಮೀನು. ನಿಮ್ಮನೇಲಿ ಇವತ್ತೇ ಭಾನುವಾರ ಬಂದ್ಹಾಗಿದೆ."

ನಿಂತಲ್ಲೇ ಕಾಫಿ ಕುಡಿದು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಿಗ್ರುನ್ ಒಲೆಯ ಮುಂದೆ ನಿಂತು ತಿರುಗಿ ನೋಡಿದಳು. ಸಮುದ್ರವೇನೋ ಚೆನ್ನಾಗಿಯೇ ಕಾಣುತ್ತಿತ್ತು, ಬೆಂಚು ಖಾಲಿಯಿತ್ತು.

"ಬಾಗಿಲು ವಾಪಸ್ ಹಾಕಿಬಿಡಿ" ಎಂದಳು.

"ಸಮುದ್ರ ಬೇಡ್ವಾ ಹಾಗಾದ್ರೆ?"

"ಬೇಕಾದಾಗ ಎದ್ದು ಹೋಗಿ ನೋಡ್ತೀನಿ. ಸಮುದ್ರಕ್ಕೇನು ಓಡ್ಮುಂಡ್‌ನ ಹಾಗೆ ಸಂಕೋಚವೇ?"

ಹಾಲ್ವರ್ ಗೊಣಗುತ್ತ ಸ್ಕ್ರೂಡ್ರೈವರ್ ಹುಡುಕಲು ಹೋದ. ಅವಳು ಕಾಫಿಗೆ ನೀರಿಟ್ಟು, ಓಡ್ಮುಂಡ್‌ನನ್ನು ಕರೆಯಲು ದೋಣಿಕಟ್ಟೆಯ ಕಡೆ ನಡೆದಳು.