ಅತ್ತೆಯ ಪಾಚಿ ಮಾತ್ರೆ

"ದಿನಾ ಮೀನು ತಿನ್ನೋರಿಗೆ ಈ ಸಮುದ್ರದ ಪಾಚಿ ಮಾತ್ರೆ ಎಂತಕ್ಕೆ? ಅಯೋಡಿನ್ ಮಿತಿಮೀರಿಯೇ ನಿಮ್ಮ ಥೈರಾಯ್ಡ್ ಹಾಳಾದ್ದು!" ಹೊನ್ನಾವರದ ಡಾಕ್ಟರು ಡಬ್ಬಿಯನ್ನು ಮೇಜಿಗೆ ಕುಕ್ಕಿದರು. ನನ್ನ ಅತ್ತೆ ನಡುಗುವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಎದೆ ಡವಡವ ಎಂದರೂ, ಮೈ ಇಳಿದರೂ, ಶಕ್ತಿಗೆಂದು ದುಬೈನಿಂದ ಬಂದ ಆ ಮಾತ್ರೆಯನ್ನು ಅವರು ಬಿಟ್ಟಿರಲಿಲ್ಲ.

ನಮ್ಮದು ಮಾವಿನಕುರ್ವೆಯ ಮೀನುಗಾರರ ಮನೆ. ಬಲೆಗೆ ಸಿಕ್ಕ ಪಾಚಿಯನ್ನು ಬೈದು ಕಿತ್ತೆಸೆಯುತ್ತೇವೆ. ಅದನ್ನೇ ಡಬ್ಬಿಯಲ್ಲಿ ತುಂಬಿಕೊಟ್ಟರೆ ಕಣ್ಣಿಗೊತ್ತಿಕೊಂಡು ನುಂಗುತ್ತೇವೆ!

ಮರುದಿನ ಡಬ್ಬಿ ಕಾಣದೆ, ಬಿಸಾಡಿದಿರಾ ಎಂದು ಅತ್ತೆಯನ್ನು ಕೇಳಿದೆ.

"ದುಬೈ ಮಾಲು, ಬಿಸಾಡೂಕೆ ಮನ್ಸ್ ಬರ್ಲಿಲ್ಲ. ಪಕ್ಕದ್ಮನೆಯವ್ಳಿಗೆ ಕೊಟ್ಟೆ. ಅವ್ಳಿಗೂ ಸುಸ್ತಂತೆ, ಪಾಪ."

ಓಡಿಹೋಗಿ ಕಿತ್ತುಕೊಂಡು ಬಂದೆ. ಅತ್ತೆ ಕೊಟ್ಟ ಔಷಧಿಯನ್ನು ಸೊಸೆ ಕಸಿದಳೆಂದು ಈಗ ಕೇರಿಯೆಲ್ಲ ಆಡಿಕೊಳ್ಳುತ್ತಿದೆ.