ಎಮ್ಮೆಯ ಪಾಲಿನ ಚಟ್ನಿ

ನಮ್ಮ ಮನೆಯವರು ರೊಟ್ಟಿ ಉಣ್ಣಲು ಕೂತರೆ ಮೊದಲು ಮಾಡುವ ಕೆಲಸವೆಂದರೆ ತಾಟಿನಲ್ಲಿರುವ ಚಟ್ನಿಪುಡಿಯ ಗುಪ್ಪೆಯಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡುವುದು. ಆ ಗುಳಿಯಲ್ಲಿ ನಾನು ಹಸಿ ಕುಸುಬಿ ಎಣ್ಣೆ ಹಾಕಬೇಕು. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಶೇಂಗಾ, ಗುರೆಳ್ಳು, ಅಗಸಿ, ಮೂರೂ ಚಟ್ನಿ ವರ್ಷಪೂರ್ತಿ ಇರಲೇಬೇಕು. ನಾನು ಬ್ಯಾಡಗಿ ಮೆಣಸಿನಕಾಯಿ ಹುರಿದರೆ ಓಣಿಯೆಲ್ಲ ಸೀನುತ್ತದೆ. ಸೀನಿದವರೇ ಸಂಜೆ ಬಟ್ಟಲು ಹಿಡಿದು ಬರುತ್ತಾರೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಅವರ ರಕ್ತ ತಪಾಸಣೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚು ಬಂತು. ಹಾವೇರಿಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಕೊಬ್ಬಿನ ಪದಾರ್ಥ ಕಡಿಮೆ ಮಾಡಿ, ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ಮೇಡ್ಲೇರಿಯಲ್ಲಿರುವ ಇವರ ಅಣ್ಣ ಅದೇ ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿ ಬಂದಿದ್ದರು. ಹಾಗಾಗಿ ನಾವಿಬ್ಬರೂ ಹೆದರಿದ್ದೆವು. ಮನೆಗೆ ಬಂದವರೇ ಇವರು ಅಡುಗೆಮನೆಯ ಮಾಡದಲ್ಲಿದ್ದ ಚಟ್ನಿಯ ಭರಣಿಗಳ ಮುಂದೆ ನಿಂತರು.

"ಶೇಂಗಾ ಹಿಂಡಿದ್ರ ಎಣ್ಣಿ, ಅಗಸಿ ಹಿಂಡಿದ್ರ ಎಣ್ಣಿ, ಗುರೆಳ್ಳು ಹಿಂಡಿದ್ರೂ ಎಣ್ಣಿ. ನಿನ್ನ ಕೈರುಚೀನ ನನಗ ಮುಳುವಾತು ನೋಡು."

ಅವರು ನಗುತ್ತಲೇ ಅಂದರು. ನನಗೆ ಮಾತ್ರ ಅದು ನಾಟಿತು. ಮದುವೆಯಾದಾಗಿನಿಂದ ದಿನಾ ಇದೇ ಕೈಯಿಂದ ಬಡಿಸಿದ್ದೇನೆ. ಅವರ ಎದೆಗೆ ಏನಾದರೂ ಆದರೆ ಅದನ್ನು ಮಾಡಿದವಳು ನಾನೇ ಅಲ್ಲವೇ ಎಂಬ ಭಯ ಅಂದೇ ಹೊಕ್ಕಿತು.

ಭರಣಿಗಳೆಲ್ಲ ಅಟ್ಟ ಸೇರಿದವು. ಸಂಜೆ ಹುರಿದ ಶೇಂಗಾ ತಿನ್ನುತ್ತಿದ್ದವರು ಬೇಕರಿಯಿಂದ ಖಾರಿ ಬಿಸ್ಕೀಟು ತರತೊಡಗಿದರು. "ಊದಿದ್ರ ಹಾರತೈತಿ, ಇದರಾಗ ಕೊಬ್ಬು ಎಲ್ಲಿರತೈತಿ?" ಎಂದು ಚಹಾದಲ್ಲಿ ಅದ್ದಿ ಅದ್ದಿ ತಿಂದರು. ಆದರೆ ಚಟ್ನಿ ಇಲ್ಲದ ರೊಟ್ಟಿ ಅವರಿಗೆ ಗಂಟಲಲ್ಲಿ ಇಳಿಯದು. ಒಂದು ಮಧ್ಯಾಹ್ನ ನಾನು ಸಂತೆಯಿಂದ ಬಂದರೆ, ಈ ಮಹಾರಾಯರು ನನ್ನ ಒರಳಿನ ಮುಂದೆ ಕೂತು ಏನನ್ನೋ ಕುಟ್ಟುತ್ತಿದ್ದಾರೆ. ಪಕ್ಕದಲ್ಲಿ ನಮ್ಮ ಹಿತ್ತಲ ಎಮ್ಮೆಯ ಮೇವಿನ ಚೀಲ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ ಅದರಲ್ಲಿತ್ತು.

"ಎಣ್ಣಿ ಎಲ್ಲಾ ಗಾಣದಾಗ ಹೋಗೇತಿ, ಬರೇ ಶೇಂಗಾ ಉಳದೈತಿ," ಅಂದರು, ಹಣೆಯ ಬೆವರು ಒರೆಸಿಕೊಳ್ಳುತ್ತ. "ಇಷ್ಟು ದಿನಾ ಯಾರ ತಲಿಗೂ ಹೊಳದಿಲ್ಲ ನೋಡು."

"ನಮ್ಮ ಎಮ್ಮಿ ತಲಿಗೆ ಹೊಳದಿತ್ತಲ್ರೀ," ಅಂದೆ.

ಆ ಚಟ್ನಿಯನ್ನು ಅವರು ಕಟ್ಟಿಗೆಯ ಹೊಟ್ಟು ಅಗಿದಂತೆ ಅಗಿದರು. ಹೇಗಿದೆ ಎಂದರೆ "ಅಡ್ಡಿಯಿಲ್ಲ" ಎನ್ನುವರು, ಹಿಂದೆಯೇ ಒಂದು ತಂಬಿಗೆ ನೀರು ಕುಡಿಯುವರು. ತನ್ನ ಪಾಲು ಕಡಿಮೆಯಾಯಿತೆಂದು ಹಿತ್ತಲಲ್ಲಿ ಎಮ್ಮೆ ಒದರುತ್ತಿತ್ತು. ನಾನು ಎಷ್ಟು ಬೇಡವೆಂದರೂ ಇವರು ಕೇಳಲಿಲ್ಲ. ನನಗೆ ನಗು ಬರುತ್ತಿತ್ತು, ಆದರೆ ಅವರ ತಾಟಿನಲ್ಲಿ ಗುಳಿಯಿಲ್ಲದ್ದು ಕಂಡಾಗ ನಗು ಅಲ್ಲಿಗೇ ನಿಲ್ಲುತ್ತಿತ್ತು. ಬಟ್ಟಲು ಹಿಡಿದು ಬಂದ ಪಕ್ಕದ ಮನೆಯಾಕೆಗೂ ಚಟ್ನಿ ತೀರಿದೆ ಎಂದು ಹೇಳಿ ಕಳಿಸಿದೆ. ನನ್ನ ಗಂಡನಿಗೆ ವಿಷವಾದದ್ದನ್ನು ಓಣಿಗೆ ಹೇಗೆ ಹಂಚಲಿ?

ಮತ್ತೆ ಹಾವೇರಿಗೆ ಹೋದಾಗ ಡಾಕ್ಟರಮ್ಮ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಇವರು ಸಂಜೆಯ ಖಾರಿ ಬಿಸ್ಕೀಟಿನ ಸುದ್ದಿ ಹೇಳಿ, ಎದೆಯುಬ್ಬಿಸಿ ತಮ್ಮ ಹೊಸ ಚಟ್ನಿಯ ವರ್ಣನೆ ಮಾಡಿದರು. ಆಕೆ ಪೆನ್ನು ಕೆಳಗಿಟ್ಟರು.

"ದನಕ್ಕ ಹಾಕೋ ಹಿಂಡಿ ತಿಂದೀರೇನ್ರಿ? ಅದಕ್ಕ ಬೂಷ್ಟು ಹಿಡದಿದ್ರ ಲಿವರಿಗೆ ಕೆಟ್ಟ. ಇವತ್ತ ಬಿಡ್ರಿ. ಆ ಖಾರೀನೂ ಬಿಡ್ರಿ, ಅದು ಪದರು ಪದರು ಆಗೂದು ವನಸ್ಪತಿ ತುಪ್ಪದಿಂದ. ಎದಿಗೆ ಬ್ಯಾಡಾದ ಕೊಬ್ಬು ಅದ."

ಇವರು ಕುರ್ಚಿಯಲ್ಲಿ ಸಣ್ಣಗಾದರು. ನಾನು ತಡೆಯಲಾರದೆ ಕೇಳಿಬಿಟ್ಟೆ: "ಖರೇ ಹೇಳ್ರಿ, ನನ್ನ ಚಟ್ನಿಯಿಂದನ ಇವರಿಗೆ ಹಿಂಗಾತೇನ್ರಿ?"

ಆಕೆ ನನ್ನ ಕಡೆ ತಿರುಗಿದರು. "ಇಲ್ರಿ ಅಮ್ಮಾ. ಶೇಂಗಾ, ಅಗಸಿ, ಗುರೆಳ್ಳಿನ ಕೊಬ್ಬು ಹೆಚ್ಚಿನ ಪಾಲು ಎದಿಗೆ ಒಳ್ಳೇದ. ದಿನಾ ಒಂದು ಹಿಡಿ ತಿನ್ಲಿ. ಹಿಡಿ ಅಂದ್ರ ಹಿಡಿ, ಬೊಗಸಿ ಅಲ್ಲ, ಇಲ್ಲಾಂದ್ರ ತೂಕ ಏರತೈತಿ. ಉಪ್ಪು ಕಡಿಮಿ ಹಾಕ್ರಿ, ಮ್ಯಾಲಿನ ಎಣ್ಣಿ ಒಂದು ಚಮಚ ಸಾಕು. ಮಾತ್ರೆ ಮಾತ್ರ ತಪ್ಪಿಸಬ್ಯಾಡ್ರಿ."

ನಾನು ಅಲ್ಲಿಯೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವರು ತಲೆ ಎತ್ತಿ ಫ್ಯಾನು ನೋಡುತ್ತ ಕೂತಿದ್ದರು. ಊರಿಗೆ ಮರಳುವ ಬಸ್ಸು ಮೋಟೆಬೆನ್ನೂರು ದಾಟಿತು. ಆಗ ಇವರು ಮೆಲ್ಲಗೆ, "ಅಗಸಿ ಅದಾವೇನು ಮನ್ಯಾಗ?" ಎಂದು ಕೇಳಿದರು.

ಅಗಸಿ ಇತ್ತು. ಅಂದು ಸಂಜೆಯೇ ಮೆಣಸಿನಕಾಯಿ ಹುರಿದೆ, ಓಣಿ ಸೀನಿತು. ಬಟ್ಟಲು ಹಿಡಿದು ಪಕ್ಕದ ಮನೆಯಾಕೆಯೂ ಬಂದಳು. ರೊಟ್ಟಿಯ ಜೊತೆ ಚಟ್ನಿ ಬಡಿಸಿ, ಎಣ್ಣೆಯ ಮಿಳ್ಳಿಯನ್ನೂ ಚಮಚವನ್ನೂ ಅವರ ಮುಂದಿಟ್ಟೆ. ಎಷ್ಟು ಬೇಕೋ ಅವರೇ ಹಾಕಿಕೊಳ್ಳಲಿ, ನಾಳೆ ತಪ್ಪು ನನ್ನ ಮೇಲೆ ಬರುವುದು ಬೇಡ ಎಂದುಕೊಂಡೆ. ಅವರು ಹೆಬ್ಬೆರಳಿನಿಂದ ನಿಧಾನವಾಗಿ ಗುಳಿ ಮಾಡಿದರು. ಮಿಳ್ಳಿಯನ್ನು ಮುಟ್ಟಲಿಲ್ಲ. ತಾಟನ್ನು ನನ್ನ ಕಡೆಗೆ ಸರಿಸಿದರು.

"ನೀನ ಹಾಕು," ಅಂದರು. "ನಿನ್ನ ಕೈಲೇ ಹಾಕು."