ಒಗ್ಗರಣೆ ಇಲ್ಲದ ಮನೆಯಲ್ಲಿ ಘಾಟು

ಸತ್ತವರು ಬಂದುಹೋಗುತ್ತಾರೆ, ಸೂಚನೆ ಕೊಡುತ್ತಾರೆ ಎಂಬುದನ್ನೆಲ್ಲ ನಾನು ನಂಬಿದವಳಲ್ಲ. ನಿವೃತ್ತಿಯಾಗುವವರೆಗೂ ಜಯನಗರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಿದವಳು. ಯಾರಾದರೂ ಇಂಥ ಕಥೆ ತೆಗೆದರೆ ಕಾಫಿ ಇಡುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಈಗ ನೀವು ಎದ್ದುಹೋದರೂ ನನಗೆ ಬೇಸರವಿಲ್ಲ.

ನನ್ನ ತಮ್ಮ ರಘು ಕೆಲಸ ಮಾಡುತ್ತಿದ್ದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಸ್ಫೋಟವಾಯಿತು. ಜೊತೆಯವರು ಕೆಲವರು ಅಲ್ಲೇ ಹೋದರು. ಇವನು ಸುಟ್ಟ ಶ್ವಾಸಕೋಶ ಹೊತ್ತುಕೊಂಡು ಮನೆಗೆ ಬಂದ. ಮೊದಲೇ ಗ್ಯಾಸ್ ಸೋರುತ್ತಿತ್ತು ಎಂದು ಸಾಬೀತಾದರೆ ತಪ್ಪು ಕಂಪನಿಯದು. ಇಲ್ಲದಿದ್ದರೆ ವಾಲ್ವ್ ತಿರುಗಿಸಿದ ರಘುವಿನದು. ಪರಿಹಾರಕ್ಕೆಂದು ರಘು ಹಾಕಿದ ಕೇಸಿನಲ್ಲಿ ಕಂಪನಿಯ ವಕೀಲರು, ಮುಂಚೆ ಏನಾದರೂ ವಾಸನೆ ಬಂತೇ ಎಂದು ಅವನನ್ನು ಕೇಳಿದರು. "ವಾಸನೆ ಏನೂ ಬರ್ಲಿಲ್ಲ ಸಾರ್," ಎಂದುಬಿಟ್ಟ. ಅಷ್ಟೇ ದಾಖಲಾಯಿತು.

ಮನೆಗೆ ಬಂದಮೇಲೆ ಹೇಳಿದ: "ಅಕ್ಕ, ಅದು ವಾಸನೆ ಅಲ್ಲ, ಘಾಟು. ಬೆಳಗಿಂದ ಗಂಟ್ಲು ಹಿಡೀತಿತ್ತು."

ನಮ್ಮ ಮನೆಯ ಮಾತೇ ಹಾಗೆ. ಮೋರಿಯದು ವಾಸನೆ, ಮೆಣಸಿನಕಾಯಿ ಹುರಿದರೆ ಘಾಟು. ಅಳಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ. ಅವನನ್ನು ಮತ್ತೆ ಕರೆಸಿ ಕೇಳಬೇಕೆಂದು ನಮ್ಮ ವಕೀಲರು ಅರ್ಜಿ ಹಾಕಿದರು. ಆ ದಿನ ಬರುವ ಮೊದಲೇ ರಘು ಹೋದ.

ಸೂತಕ ಕಳೆಯುವವರೆಗೆ ನಮ್ಮಲ್ಲಿ ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕಂಪನಿಯ ಮ್ಯಾನೇಜರ್ ಚಿಕ್ಕಲಸಂದ್ರದ ಮನೆಗೆ ಬಂದರು. ರಘುವಿನ ಹೆಂಡತಿ ಸುಧಾಳಿಗೆ ಮೆತ್ತಗೆ ಹೇಳಿದರು: "ವಾಸನೆ ಇರ್ಲಿಲ್ಲ ಅಂತ ಅವ್ರೇ ಹೇಳಿದಾರಲ್ಲ ಮೇಡಂ. ಕೇಸ್ ವಾಪಸ್ ತಗೊಂಬಿಡಿ." ಸುಧಾ ತಲೆ ತಗ್ಗಿಸಿ ಕೂತಿದ್ದಳು. ಒಪ್ಪಿಬಿಡುತ್ತಾಳೇನೋ ಎಂದು ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಮ್ಯಾನೇಜರಿಗೆ ಕೆಮ್ಮು ಬಂತು. ಸುಧಾಳಿಗೂ ಬಂತು. ನನ್ನ ಗಂಟಲು ಕಟ್ಟಿ, ಕಣ್ಣಲ್ಲಿ ನೀರು ಸುರಿಯತೊಡಗಿತು. ಮ್ಯಾನೇಜರ್ ಮೂಗಿಗೆ ಕರ್ಚೀಫ್ ಒತ್ತಿಕೊಂಡು, "ಏನ್ರೀ ಇಷ್ಟು ಘಾಟು? ಒಗ್ಗರಣೆ ಸೀದೋಯ್ತಾ?" ಎಂದರು.

"ಸಾವಿನ ಮನೆ ಸಾರ್," ಎಂದಳು ಸುಧಾ. "ಒಗ್ಗರಣೆ ಹಾಕಿಲ್ಲ."

ನಾನು ಅಡುಗೆಮನೆಗೆ ಓಡಿದೆ. ಒಲೆ ತಣ್ಣಗಿತ್ತು, ಸಿಲಿಂಡರ್ ಆಫ್ ಆಗಿತ್ತು, ಪಕ್ಕದ ಮನೆಗೆ ಬೀಗ. ವಾಪಸ್ ಬರುವಷ್ಟರಲ್ಲಿ ಘಾಟು ಇರಲಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು, ಮುಖ ಬಿಳುಚಿಕೊಂಡಿತ್ತು.

ಸುಧಾ ಕೇಸ್ ವಾಪಸ್ ತೆಗೆದುಕೊಳ್ಳಲಿಲ್ಲ. ಇದನ್ನೆಲ್ಲ ಜಡ್ಜ್ ಮುಂದೆ ಹೇಳಲಾಗುವುದಿಲ್ಲ ಎಂದರು ನಮ್ಮ ವಕೀಲರು, ಸರಿಯೇ. ದಾಖಲೆಯಲ್ಲಿ ಇವತ್ತಿಗೂ ವಾಸನೆ ಇರಲಿಲ್ಲ ಎಂದೇ ಇದೆ. ನನಗೆ ಗೊತ್ತಿರುವ ವಿಜ್ಞಾನವನ್ನೆಲ್ಲ ತಿರುವಿಹಾಕಿ ನೋಡಿದೆ, ಒಂದು ಕಾರಣವೂ ಸಿಗಲಿಲ್ಲ. ಆದರೆ ಅವತ್ತು ಆ ಮ್ಯಾನೇಜರ್ ಕೂಡ ವಾಸನೆ ಎನ್ನಲಿಲ್ಲ.